ಅರಿಸಿನ ದತ್ತೂರಿಯ ಕಿಣ್ವಗಳು: ಒಂದೇ ಕಾರ್ಬನ್ ಹಿಡಿದು ಕಲಿಯುವ ಬಗೆ

ಗಸಗಸೆ ಕುಟುಂಬದ ಆಲ್ಕಲಾಯ್ಡ್ (ಗಿಡ ತಯಾರಿಸುವ ನೈಟ್ರೋಜನ್ ಇರುವ ರಾಸಾಯನಿಕ) ಪಾಠ ಬಂತೆಂದರೆ ಎಂ.ಎಸ್ಸಿ. ಮಕ್ಕಳು ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಶುರುಮಾಡಿ ಕಿಣ್ವಗಳ ಹೆಸರು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ವಾರಕ್ಕೆ ಒಂದೂ ನೆನಪಿರುವುದಿಲ್ಲ. ಧಾರವಾಡದ ನನ್ನ ತರಗತಿಯಲ್ಲಿ ನಾನು ಹೇಳುವುದು ಇಷ್ಟೇ: ಒಂದು ಕಾರ್ಬನ್ ಹಿಡಿಯಿರಿ, ಅದರ ಬೆನ್ನು ಹತ್ತಿ ಹೋಗಿ.

ಮೊದಲು ಗಿಡ ನೋಡಿ. ಅಫೀಮಿನ ಗಿಡಕ್ಕೆ ಸರ್ಕಾರದ ಪರವಾನಗಿ ಬೇಕು, ನಮಗೆ ಅದರ ಅಗತ್ಯವೂ ಇಲ್ಲ. ಅದೇ ಕುಟುಂಬದ ಅರಿಸಿನ ದತ್ತೂರಿ, ಅಂದರೆ ಆರ್ಜಿಮೋನ್ ಮೆಕ್ಸಿಕಾನಾ, ನಮ್ಮ ಹೊಲದ ಬದುವಿನಲ್ಲಿ, ರಸ್ತೆಯಂಚಿನಲ್ಲಿ ಬೇಕಾದಷ್ಟು ಸಿಗುತ್ತದೆ. ಮುಳ್ಳಿನ ಗಿಡ, ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕೀಳಿ. ಎಳೆ ದಂಟು ಮುರಿದರೆ ಹಳದಿ ಹಾಲು ಜಿನುಗುತ್ತದೆ. ಕಣ್ಣಿಗೆ ತಾಗದಂತೆ ಎಚ್ಚರವಹಿಸಿ ಫಿಲ್ಟರ್ ಪೇಪರಿಗೆ ಒತ್ತಿ. ಒಣಗಿದ ಮೇಲೆ ಕತ್ತಲಲ್ಲಿ 365 ನ್ಯಾನೋಮೀಟರಿನ ಯು.ವಿ. ಟಾರ್ಚ್ ಬಿಟ್ಟು ನೋಡಿ, ಕಲೆ ಹಳದಿಯಾಗಿ ಬೆಳಗುತ್ತದೆ. ಅದರಲ್ಲಿ ಬರ್ಬರೀನ್ ಎಂಬ ಹಳದಿ ಆಲ್ಕಲಾಯ್ಡ್ ಇದೆ.

ಈಗ ಹಾಳೆಯ ನಡುವೆ ರೆಟಿಕ್ಯುಲಿನ್‌ನ ರಚನೆ ಬರೆಯಿರಿ, ಬರ್ಬರೀನ್‌ಗೆ ಹೋಗುವ ದಾರಿಯ ನಡುವಿನ ಅಣು ಅದು. ನೈಟ್ರೋಜನ್‌ಗೆ ಅಂಟಿದ ಮೀಥೈಲ್ ಕಾರ್ಬನ್‌ಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಇದು ಬಂದದ್ದೆಲ್ಲಿಂದ? ಮೀಥೈಲ್ ದಾನಮಾಡುವ ಎಸ್-ಅಡಿನೋಸಿಲ್ ಮೆಥಿಯೋನಿನ್‌ನಿಂದ. ತಂದು ಕೂಡಿಸಿದ್ದು ಕೊಕ್ಲೌರಿನ್ ಎನ್-ಮೀಥೈಲ್‌ಟ್ರಾನ್ಸ್‌ಫರೇಸ್. ಉಳಿದ ಮೈಕಟ್ಟು ಡೋಪಮೀನ್ ಮತ್ತು 4-ಹೈಡ್ರಾಕ್ಸಿಫಿನೈಲ್ ಅಸಿಟಾಲ್ಡಿಹೈಡ್‌ನದು, ಅವೆರಡನ್ನೂ ನಾರ್‌ಕೊಕ್ಲೌರಿನ್ ಸಿಂಥೇಸ್ ಜೋಡಿಸಿದೆ. ಹಿಂದಿನ ದಾರಿ ಇಷ್ಟು ಸಾಕು.

ನಿಧಾನಿಸಬೇಕಾದದ್ದು ಮುಂದೆ, ಬರ್ಬರೀನ್ ಬ್ರಿಜ್ ಎಂಜೈಮ್ ಹತ್ತಿರ. ನನಗಂತೂ ಇಡೀ ಪಾಠದಲ್ಲಿ ಇದಕ್ಕಿಂತ ಚೆಂದದ ಹೆಜ್ಜೆ ಇಲ್ಲ. ಎಫ್.ಎ.ಡಿ. ಎಂಬ ಸಹಕಿಣ್ವ ಹೊತ್ತ ಈ ಕಿಣ್ವ ಕೆಂಪು ಕಾರ್ಬನ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಪಕ್ಕದ ಬೆಂಜೀನ್ ಉಂಗುರ ಆ ಕಾರ್ಬನ್ನನ್ನು ಹಿಡಿಯುತ್ತದೆ. ಕೊನೆಗೆ ಆಕ್ಸಿಜನ್ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಹೊರಬೀಳುತ್ತದೆ. ಒಂದು ತುದಿ ಬಿಡುವಾಗಿದ್ದ ಕಾರ್ಬನ್ ಈಗ ಹೊಸ ಉಂಗುರದೊಳಗೆ ಸೇರಿ ಸ್ಕೌಲರಿನ್ ಆಗಿದೆ. ಈ ಹೆಜ್ಜೆಯನ್ನು ಪುಸ್ತಕ ನೋಡದೆ ಬರೆಯಲು ಬರುವ ತನಕ ಮುಂದಕ್ಕೆ ಹೋಗಬೇಡಿ.

ಸ್ಕೌಲರಿನ್‌ನಿಂದ ದಾರಿ ಕವಲೊಡೆಯುತ್ತದೆ. ಒಂದು ಕೆನಡಿನ್ ಮೂಲಕ ಬರ್ಬರೀನ್‌ಗೆ. ಇನ್ನೊಂದು ಸ್ಟೈಲೋಪಿನ್, ಪ್ರೋಟೋಪಿನ್ ದಾಟಿ ಸಾಂಗ್ವಿನರಿನ್ ಎಂಬ ವಿಷಕ್ಕೆ. ಎರಡರಲ್ಲೂ ಮೀಥೈಲೀನ್‌ಡೈಆಕ್ಸಿ ಕೊಂಡಿ (ಎರಡು ಆಕ್ಸಿಜನ್‌ಗಳನ್ನು ಒಂದು ಕಾರ್ಬನ್ ಕೂಡಿಸುವುದು) ಹಾಕುವುದು ಸಿ.ವೈ.ಪಿ. 719ಎ ಗುಂಪಿನ ಕಿಣ್ವಗಳೇ. ಎರಡೂ ಕಡೆ ಕೆಂಪು ಕಾರ್ಬನ್ ಹುಡುಕಿ: ಧನಾತ್ಮಕ ನೈಟ್ರೋಜನ್‌ಗೆ ಜೋಡಿ ಬಂಧದಲ್ಲಿ ಸಿಕ್ಕಿಕೊಂಡಿರುತ್ತದೆ. ಸಾಂಗ್ವಿನರಿನ್ ಜೀವಕೋಶದ ಬೇರೆ ಅಣುಗಳ ಜೊತೆ ಕೂಡಿಕೊಳ್ಳುವುದು ಆ ಕಾರ್ಬನ್ ಮೂಲಕವೇ. 1998ರಲ್ಲಿ ದೆಹಲಿಯಲ್ಲಿ ಈ ವಿಷವಿರುವ ಅರಿಸಿನ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಮಕ್ಕಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ, ಬೀಜ ಮನೆಗೆ ಒಯ್ಯಲು ಬಿಡುವುದಿಲ್ಲ. ಅದೇ ಕುಟುಂಬದ ಕ್ಯಾಲಿಫೋರ್ನಿಯಾ ಪಾಪಿಯಲ್ಲಿ ಸಾಂಗ್ವಿನರಿನ್ ರಿಡಕ್ಟೇಸ್ ಎಂಬ ಕಿಣ್ವ ಇದೆ. ಅದೇ ಕಾರ್ಬನ್‌ಗೆ ಹೈಡ್ರೋಜನ್ ಕೊಟ್ಟು ಗಿಡ ತನ್ನ ವಿಷದಿಂದ ತಾನು ಪಾರಾಗುತ್ತದೆ.

ಹಾಳೆಯ ಮೇಲೆ ಅಂಗಗಳನ್ನೂ ಗುರುತಿಸಿ. ದತ್ತೂರಿಯಲ್ಲಿ ಬರ್ಬರೀನ್ ಎಲೆ, ದಂಟು, ಬೇರಿನಲ್ಲಿದೆ. ಸಾಂಗ್ವಿನರಿನ್ ಬೇರಲ್ಲೂ ಬಲಿತ ಬೀಜದಲ್ಲೂ. ಅಂದರೆ ಎರಡನೆಯ ಕವಲು ಗಿಡದ ಎಲ್ಲ ಕಡೆ ಕೊನೆ ಮುಟ್ಟುವುದಿಲ್ಲ.

ಕೊನೆಗೊಂದು ಪ್ರಶ್ನೆ ಹಾಕಿಕೊಳ್ಳಿ. ಮಾರ್ಫಿನ್ ಕೂಡ ರೆಟಿಕ್ಯುಲಿನ್‌ನಿಂದಲೇ ಬರುವುದು, ಅದರಲ್ಲಿ ಕೆಂಪು ಕಾರ್ಬನ್ ಎಲ್ಲಿದೆ? ನೈಟ್ರೋಜನ್ ಮೇಲೆ ಮೀಥೈಲ್ ಆಗಿಯೇ ಉಳಿದಿದೆ. ಆ ದಾರಿಯಲ್ಲಿ ಬ್ರಿಜ್ ಎಂಜೈಮ್ ಅದನ್ನು ಮುಟ್ಟಿಲ್ಲ.