ಕಿಕ್ಯಾಡ್‌ನಲ್ಲಿ ಟ್ರ್ಯಾಕ್ ಅಗಲ: ಮೊದಲು ನೆಟ್ ಕ್ಲಾಸ್ ಮಾಡಿ

ಕಿಕ್ಯಾಡ್ ಅಂದರೆ ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್, ಟ್ರ್ಯಾಕ್ ಅಂದರೆ ಬೋರ್ಡಿನ ಮೇಲಿನ ತಾಮ್ರದ ಗೆರೆ. ಎಲ್ಲ ಟ್ರ್ಯಾಕಿಗೂ ಒಂದೇ ಅಗಲ ಇಡಬೇಡಿ. ಸಿಗ್ನಲ್‌ಗೆ ನಾನು 0.25 ಮಿ.ಮೀ. ಇಡುತ್ತೇನೆ, ಸಾಕು. ಪವರ್ ಲೈನ್ ಹಾಗಲ್ಲ. 35 ಮೈಕ್ರಾನ್ ತಾಮ್ರದ ಹೊರಪದರದಲ್ಲಿ 2 ಆಂಪಿಯರ್ ಹರಿಯಬೇಕು, ಬಿಸಿ 10 ಡಿಗ್ರಿಗಿಂತ ಜಾಸ್ತಿ ಏರಬಾರದು ಅಂದರೆ ಸುಮಾರು 0.8 ಮಿ.ಮೀ. ಬೇಕು. ಕಿಕ್ಯಾಡ್‌ನ ಕ್ಯಾಲ್ಕುಲೇಟರೇ ಈ ಲೆಕ್ಕ ಹಾಕಿಕೊಡುತ್ತದೆ. ಜಾಗ ಇದ್ದರೆ ನಾನು 1 ಮಿ.ಮೀ. ಕೊಡುತ್ತೇನೆ.

ನೆಟ್ ಅಂದರೆ ಒಂದಕ್ಕೊಂದು ಸೇರಬೇಕಾದ ಕಾಲುಗಳ ಜೋಡಣೆ; ಒಂದೇ ನಿಯಮದ ನೆಟ್‌ಗಳ ಗುಂಪೇ ನೆಟ್ ಕ್ಲಾಸ್. ಬೋರ್ಡ್ ಸೆಟಪ್‌ನಲ್ಲಿ ನೆಟ್ ಕ್ಲಾಸಸ್ ತೆರೆಯಿರಿ. 'ಪವರ್' ಅಂತ ಹೊಸ ಕ್ಲಾಸ್ ಮಾಡಿ, ಅಗಲ ತುಂಬಿ, 12 ವೋಲ್ಟ್ ಮತ್ತು ಗ್ರೌಂಡ್ ನೆಟ್‌ಗಳನ್ನು ಅದಕ್ಕೆ ಸೇರಿಸಿ. ಟೂಲ್‌ಬಾರ್‌ನಲ್ಲಿ ನೆಟ್ ಕ್ಲಾಸ್ ಅಗಲವೇ ಆಯ್ಕೆಯಾಗಿರಲಿ. ಆಮೇಲೆ ಟ್ರ್ಯಾಕ್ ಎಳೆಯುವಾಗ ಸರಿಯಾದ ಅಗಲ ತಾನೇ ಬರುತ್ತದೆ.

ಐಸಿ (ಚಿಪ್) ಕಾಲಿನ ಹತ್ತಿರ ಟ್ರ್ಯಾಕ್ ಸಪೂರ ಆಗಬೇಕಾ? ಬೋರ್ಡ್ ಸೆಟಪ್‌ನ ಪ್ರೀ-ಡಿಫೈನ್ಡ್ ಸೈಜಸ್‌ನಲ್ಲಿ 0.4 ಮಿ.ಮೀ. ಹಾಕಿಟ್ಟಿರಿ, ಎಳೆಯುತ್ತಿರುವಾಗಲೇ ಡಬ್ಲ್ಯೂ ಕೀ ಒತ್ತಿ ಆ ಅಗಲಕ್ಕೆ ಬದಲಿಸಿ. ಆ ತುಂಡು ಆದಷ್ಟು ಗಿಡ್ಡ ಇರಲಿ.