ದಾರಿ ಅವರೇ ತೋರಿಸಲಿ: ಪಾವಗಡದಲ್ಲಿ ನಡೆದಾಡುತ್ತಾ ಮಾಡಿದ ಸಂದರ್ಶನಗಳು

ಪಾವಗಡ ತಾಲ್ಲೂಕಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಬಳಸಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಬಹುದು. ಪ್ರಮಾಣ ಇನ್ನೂ ಏರಿದರೆ ದೊಡ್ಡವರಿಗೆ ಸೊಂಟ, ಮಂಡಿ ಹಿಡಿದುಕೊಳ್ಳುತ್ತವೆ.

ಜಗಲಿಯಲ್ಲಿ ಕೂತು "ಯಾವ ನೀರು ಕುಡಿಯುತ್ತೀರಿ?" ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಫಿಲ್ಟರ್ ನೀರು." ಅದು ಸುಳ್ಳಲ್ಲ. ಆದರೆ ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು. ಹಾಗಾಗಿ ಹೆಂಗಸರು ನೀರಿಗೆ ಹೊರಡುವ ಹೊತ್ತಿಗೆ ಹೋಗಿ, ಅವರ ಜೊತೆ ನಡೆಯುತ್ತಾ ಮಾತಾಡತೊಡಗಿದೆ. ಯಾವ ದಾರಿ, ಎಷ್ಟು ವೇಗ, ಎಲ್ಲಿ ನಿಲ್ಲಬೇಕು, ಎಲ್ಲ ಅವರದ್ದೇ ತೀರ್ಮಾನ. ಸಂಶೋಧಕರು ಇದನ್ನು 'ಗೋ-ಅಲಾಂಗ್' ಅನ್ನುತ್ತಾರೆ. ಸಮಾಜಶಾಸ್ತ್ರಜ್ಞೆ ಮಾರ್ಗರೆಥೆ ಕುಸೆನ್‌ಬಾಖ್ 2003ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಒಬ್ಬ ಅಜ್ಜಿ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಒಂದು ಕ್ಯಾನ್ ತುಂಬಿಸಿಕೊಂಡರು. ದಾರಿಯಲ್ಲಿ ಒಂದು ಕಟ್ಟೆ ಮೇಲೆ ಕ್ಯಾನ್ ಇಳಿಸಿ ಮಂಡಿ ಒತ್ತಿಕೊಂಡರು. ಮನೆ ಮುಟ್ಟಿದ್ದೇ ಕೊಳವೆಬಾವಿ ನೀರು ಬರುವ ಬೀದಿ ನಲ್ಲಿಗೆ ಬಿಂದಿಗೆ ಹಿಡಿದರು. ಇದು ಯಾತಕ್ಕೆ ಅಂದೆ. "ಮುದ್ದೆಗೆ, ಸಾರಿಗೆ. ಎಲ್ಲದಕ್ಕೂ ಅಲ್ಲಿಂದಲೇ ಹೊತ್ತು ತರೋಕಾಗುತ್ತಾ?" ಅಂದರು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಅಂದರೆ ಫಿಲ್ಟರ್ ನೀರು ಕುಡಿಯುವ ಮನೆಗೂ ಫ್ಲೋರೈಡ್ ಊಟದ ಜೊತೆ ಬರುತ್ತಿದೆ. ಆಮೇಲೆ ಪ್ರತಿ ಮನೆಯಲ್ಲೂ ಅಡುಗೆ ನೀರಿನ ವಿಷಯವನ್ನು ಬೇರೆಯಾಗಿ ಕೇಳಿದೆ.

ಈ ಕೆಲಸ ಮಾಡುವವರಿಗೆ ಕೆಲವು ಮಾತು. ಕಾಲರ್ ಮೈಕಿಗೆ ಸ್ಪಂಜಿನ ಟೋಪಿ ಬೇಕೇ ಬೇಕು, ಇಲ್ಲದಿದ್ದರೆ ಬರೀ ಗಾಳಿ ಸದ್ದು. ಪಕ್ಕದ ಮನೆಯವರು ಜೊತೆಗೆ ಸೇರಿಕೊಂಡರೆ ರೆಕಾರ್ಡರ್ ನಿಲ್ಲಿಸಿ. ಒಪ್ಪಿಗೆ ಕೊಟ್ಟವರು ಅವರಲ್ಲ. ಮನೆಯೊಳಗಿನ ವಿಷಯ, ಗರ್ಭಿಣಿಯರ ವಿಷಯ ಬೀದಿಯಲ್ಲಿ ಕೇಳಲೇಬೇಡಿ, ನಾಲ್ಕು ಕಿವಿಗೆ ಬೀಳುತ್ತದೆ. ಬಿಸಿಲೇರುವ ಮುಂಚೆ ಮುಗಿಸಿ.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದಿದೆ. ಈ ನೀರಿನಿಂದ ಜಾಸ್ತಿ ನೊಂದವರಿಗೆ ನಡೆಯೋಕೇ ಆಗುವುದಿಲ್ಲ. ನಡೆಯಬಲ್ಲವರನ್ನಷ್ಟೇ ಮಾತಾಡಿಸಿದರೆ ಹೀಗೆ ನೊಂದವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಅಂಥವರ ಜೊತೆ ಅಡುಗೆಮನೆಯಿಂದ ಹಿತ್ತಲವರೆಗೆ ಹೋದರೂ ಸಾಕು. ಅದೂ ಆಗದಿದ್ದರೆ ಅವರು ಕೂತಲ್ಲಿಂದಲೇ ಹೇಳಲಿ, ನೀವು ಆ ದಾರಿಯಲ್ಲಿ ಹೋಗಿ ಫೋಟೋ ತೆಗೆದು ತಂದು ಅವರಿಗೆ ತೋರಿಸಿ, ಅಲ್ಲಿಂದ ಮಾತು ಮುಂದುವರಿಸಿ.