ಬಾಬಾಬುಡನ್‌ಗಿರಿಯಲ್ಲಿ ಶೋಲಾಕಿಳಿ ಎಣಿಸಿದ ಬಗೆ

ನೀಲಗಿರಿ ಶೋಲಾಕಿಳಿ ಅನ್ನುವ ಹಕ್ಕಿಯನ್ನು ಕಣ್ಣಿನಿಂದ ಎಣಿಸಲು ಆಗುವುದಿಲ್ಲ. ಕಿವಿಯೇ ಗತಿ. ಹಕ್ಕಿ ಗುಬ್ಬಚ್ಚಿಯಷ್ಟು ದೊಡ್ಡದು. ಮೇಲೆಲ್ಲ ಕಡುನೀಲಿ, ಪಕ್ಕೆ ಕಂದುಗೆಂಪು, ಕಾಲು ಮಾತ್ರ ಉದ್ದ. ಮರದ ನೆತ್ತಿಗೆ ಹೋಗುವುದೇ ಅಪರೂಪ. ಶೋಲಾ ಅಂದರೆ ಎತ್ತರದ ಬೆಟ್ಟಗಳ ತಗ್ಗಿನಲ್ಲಿ ಬೆಳೆಯುವ ದಟ್ಟ ಕಾಡು. ಅದರ ಕತ್ತಲಲ್ಲಿ, ದರಗಿನ ಮೇಲೆ ಕುಪ್ಪಳಿಸುತ್ತಾ ಹುಳು ಹೆಕ್ಕುತ್ತದೆ. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ನೀಲಗಿರಿ, ಬ್ರಹ್ಮಗಿರಿ, ನಮ್ಮ ಬಾಬಾಬುಡನ್‌ಗಿರಿ, ಇಂಥ ಎತ್ತರದ ಬೆಟ್ಟಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಜೀವಿಗಳ ಅಳಿವು-ಉಳಿವಿನ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಯಲ್ಲಿಟ್ಟಿದೆ.

ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆ ನಾನು ಮೊದಲು ಕೂತಿದ್ದು ಉಪಗ್ರಹ ಚಿತ್ರದ ಮುಂದೆ. ಹುಲ್ಲುಗುಡ್ಡದ ಮಡಿಲಲ್ಲಿರುವ ಒಂದೊಂದು ಶೋಲಾಕ್ಕೂ ನಂಬರ್ ಕೊಟ್ಟೆ. ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಬಾರದು ಅಂತ ನಿಲ್ಲುವ ಜಾಗಗಳ ನಡುವೆ 200 ಮೀಟರ್ ಬಿಟ್ಟೆ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಹಕ್ಕಿ ಚೆನ್ನಾಗಿ ಹಾಡುತ್ತದೆ. ಬೆಳಕು ಹರಿಯುವ ಮುಂಚೆ ಜಾಗ ಸೇರಿ, 5 ನಿಮಿಷ ಸುಮ್ನೆ ನಿಲ್ಲುತ್ತಿದ್ದೆ. ನಾವು ನಡೆದು ಬಂದ ಗದ್ದಲ ಆರಬೇಕಲ್ವಾ? ಆಮೇಲೆ 10 ನಿಮಿಷ ಕೇಳುವುದು. ಪ್ರತಿ ಹಾಡಿಗೂ ದಿಕ್ಸೂಚಿ ನೋಡಿ ದಿಕ್ಕು, ಅಂದಾಜು ದೂರ ಬರೆಯುವುದು. ಹಳ್ಳ ಜೋರಾಗಿ ಹರಿಯುವ ಕಡೆ ಹಾಡು ಮುಚ್ಚಿಹೋಗುತ್ತದೆ. ಅಲ್ಲಿ ನೀರಿನ ಸದ್ದು ಎಷ್ಟಿತ್ತು ಅಂತಲೂ ಬರೆಯಲೇಬೇಕು.

ಒಂದು ಸಲ ಹೋಗಿ ಹಾಡು ಕೇಳಿಸಲಿಲ್ಲ ಅಂದರೆ ಹಕ್ಕಿ ಇಲ್ಲ ಅಂತಲ್ಲ. ನನ್ನ ಪ್ರಕಾರ ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಇರುವ ಹಕ್ಕಿ ಒಂದು ಬೆಳಿಗ್ಗೆ ಕೇಳಿಸುವ ಸಂಭವ ಅರ್ಧ ಅಂತಿಟ್ಟುಕೊಳ್ಳಿ. ಒಂದೇ ಸಲ ಹೋದರೆ, ಹಕ್ಕಿ ಇರುವ ಶೋಲಾಗಳಲ್ಲೇ ಅರ್ಧಕ್ಕರ್ಧ ಖಾಲಿ ಅಂತ ಬರೆದುಬಿಡುತ್ತೇವೆ. ಮೂರು ಸಲ ಹೋದರೆ ಆ ಪಾಲು ಎಂಟರಲ್ಲೊಂದಕ್ಕೆ ಇಳಿಯುತ್ತದೆ. ಹಾಗಾಗಿ ಹೊಸ ಶೋಲಾ ಸೇರಿಸುವುದಕ್ಕಿಂತ ನೋಡಿದ್ದಕ್ಕೇ ಮತ್ತೆ ಹೋಗುವುದನ್ನು ಆರಿಸಿಕೊಂಡೆ. ಹಾಡಿನ ರೆಕಾರ್ಡಿಂಗ್ ಹಾಕಿ ಕರೆಯುವುದನ್ನು ಮಾತ್ರ ಮಾಡಲಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಅದನ್ನು ಕೇಳಿದ ಹಕ್ಕಿ, ಬೇರೆ ಹಕ್ಕಿ ಬಂತು ಅಂದುಕೊಂಡು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನಮ್ಮ ಲೆಕ್ಕಕ್ಕಾಗಿ ಅದಕ್ಕೆ ತೊಂದರೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಎಣಿಕೆ ಮುಗಿದ ಮೇಲೆ ನೆಲದ ಕೆಲಸ. ಒಂದು ಮೀಟರ್ ಚೌಕದ ಹಗ್ಗ ಹಾಸಿ, ನಾಲ್ಕು ಮೂಲೆ ಮತ್ತು ನಡುವೆ ಸ್ಟೀಲ್ ಸ್ಕೇಲ್ ಊರಿ ದರಗು ಎಷ್ಟು ದಪ್ಪ ಇದೆ ಅಂತ ಅಳೆದೆ. ಕಾಡಿನ ನೆಲದಲ್ಲಿ ಪೊದೆಯಾಗಿ ಬೆಳೆಯುವ ಗುರುಗಿ ಗಿಡದ ಕಾಂಡ ಎಣಿಸಿದೆ. ತಲೆ ಮೇಲೆ ಎಷ್ಟು ಆಕಾಶ ಕಾಣುತ್ತದೆ, ಶೋಲಾದ ಅಂಚು ಎಷ್ಟು ದೂರ, ದನ ತುಳಿದಿದೆಯಾ, ಬೆಂಕಿ ಬಿದ್ದ ಗುರುತಿದೆಯಾ, ಎಲ್ಲವನ್ನೂ ಬರೆದೆ. ಗುರುಗಿಯ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ಅದರ ಹಲವು ಜಾತಿಗಳು ವರ್ಷಗಟ್ಟಲೆ ಬೆಳೆದು, ಒಟ್ಟಿಗೇ ಹೂ ಬಿಟ್ಟು, ಒಟ್ಟಿಗೇ ಒಣಗುತ್ತವೆ. ಆಗ ಕಾಡಿನ ನೆಲ ಬೋಳಾಗಿ ಕಾಣುತ್ತದೆ. ಹೂ ಬಿಟ್ಟ ವರ್ಷ ಬರೆದಿಡದಿದ್ದರೆ ಅದನ್ನೂ ಜನರೇ ಹಾಳುಮಾಡಿದ್ದು ಅಂದುಕೊಳ್ಳುತ್ತೇವೆ.

ರಸ್ತೆ ಪಕ್ಕದ ಪುಟ್ಟ ಶೋಲಾಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಜಾಸ್ತಿ ಚಿಂತೆ ಇರುವುದು ಅವುಗಳದ್ದೇ. ಬೆಟ್ಟಗಳ ನಡುವಿನ ತಗ್ಗುಗಳು ಈ ಹಕ್ಕಿಗಳನ್ನು ಬಹಳ ಹಿಂದೆಯೇ ಬೇರೆ ಮಾಡಿವೆ ಅಂತ ಹಕ್ಕಿ ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಸಂಗಡಿಗರ 2010ರ ಡಿಎನ್ಎ ಅಧ್ಯಯನ ತೋರಿಸಿತು. ಅಂದರೆ ಇಲ್ಲಿ ಕಳೆದುಕೊಂಡ ಹಕ್ಕಿಗೆ ಬದಲಾಗಿ ನೀಲಗಿರಿಯಿಂದ ಇನ್ನೊಂದು ಹಾರಿ ಬರುತ್ತದೆ ಅಂತ ಕೂರಲಾಗದು. ಗಿರಿಯೊಳಗೇ ಒಂದು ಶೋಲಾದಿಂದ ಇನ್ನೊಂದಕ್ಕೆ ಹುಲ್ಲು ದಾಟಿ ಹೋಗುತ್ತವೆಯೇ ಅನ್ನುವುದು ನನ್ನ ಮುಂದಿನ ಪ್ರಶ್ನೆ. ಅದಕ್ಕೆ ಕಾಲಿಗೆ ಬಣ್ಣದ ಉಂಗುರ ಹಾಕಬೇಕು. ಬಲೆ ಹಾಕಿ ಹಕ್ಕಿ ಹಿಡಿಯುವುದರಲ್ಲಿ ತರಬೇತಿ ಪಡೆದವರು, ಬೇರೆಯದೇ ಅನುಮತಿ, ಎರಡೂ ಸಿಕ್ಕ ಮೇಲೆ ರಸ್ತೆ ಪಕ್ಕದ ಶೋಲಾಗಳಿಂದಲೇ ಶುರುಮಾಡುತ್ತೇನೆ.